ಹಕ್ಕಿ ಹೊಡೆಯೋದು

ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅವ್ವನ ಫೋನ್ ಬಂತು. ಗದಗದ ಕಡೆ ಆಗಲೇ ಊಟದ ಹೊತ್ತು. ಇಲ್ಲಿ ಇಂಗ್ಲೆಂಡಿನ ಸಫೊಕ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನನ್ನ ಹೆಗಲ ಮೇಲೆ ಗೋಧಿ ಚೀಲ, ಕಾಲಲ್ಲಿ ಮೊಣಕಾಲಿನವರೆಗೆ ರಬ್ಬರ್ ಬೂಟು.

"ಏನ್ ಮಾಡಾಕತ್ತೀ?"

"ಹಕ್ಕಿಗೆ ಕಾಳು ಹಾಕಾಕ ಹೊಂಟೇನಿ."

"ಯಾಕ, ಅಲ್ಲಿ ಹಕ್ಕಿಗೆ ತಿನ್ನಾಕ ಏನೂ ಸಿಗೂದಿಲ್ಲೇನು?"

"ಸಿಗತೈತಿ. ಆದ್ರ ಅವು ಬ್ಯಾರೆ ಕಡೆ ಹೋಗಬಾರದಲ್ಲ, ಅದಕ್ಕ."

"ಹೋದ್ರ ನಿನಗೇನಾತು?"

"ಶನಿವಾರ ಬಂದೂಕಿನವ್ರು ಬರ್ತಾರ, ಅವ್ವಾ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಮಾವನ ಮಗಳ ಮದುವೆಯ ವಿಷಯ ತೆಗೆದಳು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸೋದಿಲ್ಲ. ಇಲ್ಲಿಗೆ ಬಂದು ಇಷ್ಟು ವರ್ಷ ಆದರೂ ನಾನು ತಿನ್ನೋದಿಲ್ಲ. ಅಂಥವನು ಬಂದೂಕಿನವರಿಗೋಸ್ಕರ ಹಕ್ಕಿ ಸಾಕುತ್ತಿದ್ದಾನೆ ಅಂದರೆ ಅವಳು ಏನು ಹೇಳಬೇಕು? ಬೈದಿದ್ದರೆ ಒಂದು ಥರ ಸಮಾಧಾನ ಇರುತ್ತಿತ್ತು. ಬೈಯಲಿಲ್ಲ. ಅವಳು ಸುಮ್ಮನಾದ ಆ ಹೊತ್ತು ಮಾತ್ರ ನನ್ನ ಜೊತೆ ಗೋಧಿ ಚೀಲದ ಹಾಗೆ ದಿನಾ ಕಾಡಿಗೆ ಬರತೊಡಗಿತು.

ನಾನು ಇದಕ್ಕೆ ಸಿಕ್ಕಿಹಾಕಿಕೊಂಡಿದ್ದು ಒಂದು ಮೊಣಕಾಲಿನಿಂದ. ನನ್ನದಲ್ಲ, ಪಕ್ಕದ ಮನೆಯ ಹಿರಿಯರದ್ದು. ಅವರು ನಲವತ್ತು ವರ್ಷ ಹೊಲಗಳಲ್ಲಿ ಟ್ರ್ಯಾಕ್ಟರ್ ಹೊಡೆದವರು. ಈಗ ಊರಿನ ಸಣ್ಣ ಶೂಟ್‌ಗೆ, ಅಂದರೆ ಫೆಸೆಂಟ್ ಅನ್ನೋ ಹಕ್ಕಿ ಸಾಕಿ, ಕಾಡಿಗೆ ಬಿಟ್ಟು, ಬಂದೂಕಿನಿಂದ ಹೊಡೆಯುವ ಗುಂಪಿಗೆ, ಅವರೇ ಕೀಪರ್, ಹಕ್ಕಿ ನೋಡಿಕೊಳ್ಳುವವರು. ಸಂಬಳ ಇಲ್ಲ, ಹುಚ್ಚು ಜಾಸ್ತಿ. ಇಲ್ಲಿ ಅವರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ಎಪ್ಪತ್ತು ದಾಟಿದವರನ್ನು ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಕಾಕಾ ಅನ್ನುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಮೊಣಕಾಲಿಗೆ ಆಪರೇಷನ್ ಆಯಿತು. ಇಪ್ಪತ್ತೈದು ಕಿಲೋ ಚೀಲ ಎತ್ತಲು ಒಬ್ಬರು ಬೇಕಿತ್ತು. ನಾನು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವನು, ಬೆಳಿಗ್ಗೆ ಒಂದು ಗಂಟೆ ಬಿಡುವು ಇತ್ತು. ಆರು ವಾರ ಅಂತ ಶುರುವಾಗಿದ್ದು. ಈಗ ಮೂರನೇ ವರ್ಷ.

ದೊಡ್ಡ ಎಸ್ಟೇಟಿನ ಬೇಟೆ ಅಂದುಕೊಳ್ಳಬೇಡಿ. ಅಂಥದ್ದು ಈ ಸೀಮೆಯಲ್ಲೇ ಇತ್ತು. ನಮ್ಮ ಊರಿಂದ ಸ್ವಲ್ಪ ದೂರದಲ್ಲಿ ಎಲ್ವೆಡೆನ್ ಇದೆ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ 1863ರಲ್ಲಿ ಕೊಂಡ ಎಸ್ಟೇಟು. ರಾಜ್ಯ ಕಳೆದುಕೊಂಡವನು ಇಲ್ಲಿ ಇಡೀ ಇಂಗ್ಲೆಂಡಿನಲ್ಲೇ ಒಳ್ಳೆ ಗುರಿಕಾರ ಅನ್ನಿಸಿಕೊಂಡ. ಅಲ್ಲಿನ ಚರ್ಚಿನ ಅಂಗಳದಲ್ಲೇ ಅವನ ಸಮಾಧಿ. 1913ರ ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್‌ಶೈರಿನ ಹಾಲ್ ಬಾರ್ನ್‌ನಲ್ಲಿ ರಾಜ ಐದನೇ ಜಾರ್ಜ್ ಮತ್ತು ಅವನ ಜೊತೆಯವರು ಒಂದೇ ದಿನ 3,937 ಫೆಸೆಂಟ್ ಹೊಡೆದರು. ನಮ್ಮ ಕಾಕಾನ ಶೂಟ್‌ನಲ್ಲಿ ಎಂಟು ಜನ ಸದಸ್ಯರು. ಪ್ಲಂಬರ್ ಇದ್ದಾರೆ, ಶಾಲೆಯ ಮೇಷ್ಟ್ರು ಇದ್ದಾರೆ. ವರ್ಷಕ್ಕೆ ಐನೂರು ಮರಿ ಬಿಡುತ್ತಾರೆ. ಆರು ಶನಿವಾರ, ದಿನಕ್ಕೆ ಮೂವತ್ತು ಹಕ್ಕಿ ಬಿದ್ದರೆ ಹಬ್ಬ. ಬಿಟ್ಟ ನೂರರಲ್ಲಿ ಮೂವತ್ತೈದು ನಲವತ್ತು ಕೈಗೆ ಬಂದರೆ ಒಳ್ಳೆ ಕೀಪರ್ ಅಂತ ಇಲ್ಲಿನ ಲೆಕ್ಕ. ಉಳಿದವು ನರಿಗೆ, ರಸ್ತೆಯ ಕಾರಿಗೆ, ಪಕ್ಕದ ಹೊಲಕ್ಕೆ. ಈ ವ್ಯವಹಾರದ ಬಗ್ಗೆ ಒಂದು ಹಳೇ ಮಾತಿದೆ: ಮೇಲೆದ್ದದ್ದು ಒಂದು ಗಿನಿ, ಢಂ ಅಂದದ್ದು ಒಂದೂವರೆ ಪೆನ್ನಿ, ಕೆಳಗೆ ಬಿದ್ದದ್ದು ಅರ್ಧ ಕ್ರೌನು. ಅಂದರೆ ಸಾಕಲು ಒಂದು ಗಿನಿ (21 ಶಿಲ್ಲಿಂಗ್), ತೋಟಾಕ್ಕೆ ಪುಡಿಗಾಸು, ಮಾರಿದರೆ ಬರೋದು ಅರ್ಧ ಕ್ರೌನ್ (ಎರಡೂವರೆ ಶಿಲ್ಲಿಂಗ್). ಲಾಭದ ಮಾತು ಯಾರೂ ಆಡುವುದಿಲ್ಲ.

ಹಕ್ಕಿ ಹಿಡಿಯೋ ಕಾಡು

ಮೊದಲ ವಾರ ಕಾಕಾ ನನ್ನನ್ನು ಎಲ್ಲ ಕಡೆ ತಿರುಗಿಸಿದರು. ಒಂದು ಸಣ್ಣ ಕಾಡು ತೋರಿಸಿ "ಇದು ಹಕ್ಕಿ ಹಿಡಿಯುತ್ತೆ" ಅಂದರು. ಇನ್ನೊಂದನ್ನು ತೋರಿಸಿ "ಇದು ಹಿಡಿಯೋದಿಲ್ಲ, ಎಷ್ಟು ಸುರಿದರೂ ಅಷ್ಟೇ" ಅಂದರು. ನನಗೆ ತಕ್ಷಣ ಅಜ್ಜ ನೆನಪಾದ. ಎರಿ ಹೊಲ ನೀರು ಹಿಡಿತೈತಿ, ಮಸಾರಿ ಹಿಡಿಯೂದಿಲ್ಲ ಅನ್ನುತ್ತಿದ್ದ. ಅದೇ ಮಾತು. ಎರಡೂ ಕಾಡು ನೋಡಲು ನನಗೆ ಒಂದೇ ಥರ ಕಂಡವು. ಆಮೇಲೆ ಒಳಗೆ ಹೋಗಿ ಹತ್ತು ನಿಮಿಷ ಸುಮ್ನೆ ನಿಂತಾಗ ಗೊತ್ತಾಯಿತು. ಹಿಡಿಯದ ಕಾಡಿನಲ್ಲಿ ಎತ್ತರದ ಮರಗಳಿವೆ, ಕೆಳಗೆ ಬರೀ ಬೋಳು ನೆಲ. ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆ ಹೋಗುತ್ತೆ. ಕಿವಿ ಹೆಪ್ಪುಗಟ್ಟುತ್ತೆ. ಹಿಡಿಯುವ ಕಾಡು ದಕ್ಷಿಣಕ್ಕೆ ಇಳಿಜಾರು. ಅಂಚಿಗೆ ದಟ್ಟ ಬೇಲಿ, ಒಳಗೆ ಹೇಜಲ್ ಪೊದೆ, ಮುಳ್ಳಿನ ಬ್ಲ್ಯಾಕ್‌ಬೆರಿ. ಮಧ್ಯೆ ಮರ ಕಡಿದು ಬಿಸಿಲು ನೆಲಕ್ಕೆ ಬೀಳುವ ಹಾಗೆ ಮಾಡಿದ್ದಾರೆ. ಅಲ್ಲಿ ನನಗೇ ಕೂತುಬಿಡಬೇಕು ಅನ್ನಿಸಿತು. ಕಾಕಾನ ಪರೀಕ್ಷೆಯೂ ಅದೇ. ನಿನಗೆ ಕೂತು ಟೀ ಕುಡಿಯಬೇಕು ಅನ್ನಿಸಿದರೆ ಹಕ್ಕಿಗೂ ಅನ್ನಿಸುತ್ತೆ ಅಂತಾರೆ.

ಫೆಸೆಂಟ್ ನೋಡದವರಿಗೆ: ನಮ್ಮ ನವಿಲು, ಕಾಡುಕೋಳಿಗಳ ದಾಯಾದಿ. ಗಂಡಿಗೆ ಹಸಿರು ತಲೆ, ಕೆಂಪು ಮುಖ, ತಾಮ್ರದ ಮೈ, ಉದ್ದ ಬಾಲ. ಹೆಣ್ಣು ಒಣಗಿದ ಎಲೆಯ ಬಣ್ಣ. ಇಂಗ್ಲೆಂಡಿನ ಮೂಲದ ಹಕ್ಕಿಯೂ ಅಲ್ಲ. ಜಾರ್ಜಿಯಾದ ಫಾಸಿಸ್ ನದಿಯ ಹೆಸರಿನಿಂದ ಇದರ ಹೆಸರು ಬಂದಿದೆ. ಈಗ ಪ್ರತಿ ವರ್ಷ ಬ್ರಿಟನ್ನಿನಲ್ಲಿ ಮೂರು ಕೋಟಿಗೂ ಹೆಚ್ಚು ಮರಿಗಳನ್ನು ಸಾಕಿ ಬಿಡುತ್ತಾರೆ. ಇದು ಹಾರುವುದಕ್ಕಿಂತ ನಡೆಯುವುದೇ ಜಾಸ್ತಿ. ಬೆಳಿಗ್ಗೆ ಎದ್ದು ಬೇಲಿ ಹಿಡಿದು ನಡೆದರೆ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಊರು. ಹಾಗಾಗಿ ಕೀಪರ್‌ನ ಇಡೀ ವರ್ಷದ ಚಿಂತೆ ಒಂದೇ. ಇವು ಇಲ್ಲೇ ನಿಲ್ಲಬೇಕು. ಕಟ್ಟಿಹಾಕದೆ ನಿಲ್ಲಬೇಕು.

ಮರಿಗಳು ಬರೋದು ಜುಲೈ ಕೊನೆಗೆ, ಏಳು ವಾರದವು, ಪ್ಲಾಸ್ಟಿಕ್ ಕ್ರೇಟುಗಳಲ್ಲಿ. ಅವುಗಳಿಗೆ ಕಾಡಿನೊಳಗೆ ಒಂದು ದೊಡ್ಡಿ. ಆಳೆತ್ತರಕ್ಕಿಂತ ಜಾಸ್ತಿ ತಂತಿ ಬಲೆ, ಹೊರಗೆ ನರಿಗೆ ಕರೆಂಟಿನ ತಂತಿ, ಮೇಲೆ ಮಾತ್ರ ಬಯಲು. ದೊಡ್ಡಿಯ ಒಂದು ಹೆಕ್ಟೇರಿಗೆ ಸಾವಿರ ಮರಿ ದಾಟಬಾರದು ಅಂತ ಬೇಟೆ ಹಕ್ಕಿಗಳ ಅಧ್ಯಯನ ಮಾಡುವ ಇಲ್ಲಿನ ಸಂಸ್ಥೆ, ಗೇಮ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಷನ್ ಟ್ರಸ್ಟ್ ಹೇಳುತ್ತದೆ. ದಾಟಿದರೆ ನೆಲದ ಗಿಡ ಎಲ್ಲ ಸತ್ತುಹೋಗುತ್ತೆ, ರೋಗ ಬರುತ್ತೆ. ನಮ್ಮ ಐನೂರಕ್ಕೆ ಎಕರೆ ಚಿಲ್ಲರೆ ಜಾಗ ಇದೆ. ಮರಿಗಳ ಒಂದು ರೆಕ್ಕೆಯ ಗರಿ ಕತ್ತರಿಸಿರುತ್ತಾರೆ, ಹೊಸ ಗರಿ ಬರೋವರೆಗೆ ದೊಡ್ಡಿಯೇ ಮನೆ. ಗರಿ ಬಂದ ಮೇಲೆ ಹಾರಿ ಹೊರಗೆ ಬೀಳುತ್ತವೆ. ವಾಪಸ್ ಹಾರಿ ಒಳಗೆ ಬರೋದು ಮಾತ್ರ ಅವುಗಳಿಗೆ ಹೊಳೆಯೋದಿಲ್ಲ. ಬಲೆಯ ಪಕ್ಕದಲ್ಲೇ ಹಿಂದೆ ಮುಂದೆ ಓಡಾಡುತ್ತವೆ. ಅದಕ್ಕೇ ನೆಲಮಟ್ಟದಲ್ಲಿ ಕೊಳವೆಯಂಥ ಕಿಂಡಿಗಳಿವೆ, ನಡೆದು ಒಳಗೆ ಬರಬಹುದು. ನರಿಗೆ ಮಾತ್ರ ತಲೆ ಹಿಡಿಸದಷ್ಟು ಕಿರಿದು.

ಇವುಗಳಿಗೆ ತಾಯಿ ಇಲ್ಲ. ಮೊಟ್ಟೆ ಯಂತ್ರದಲ್ಲಿ ಒಡೆದದ್ದು. ಹಾಗಾಗಿ ರಾತ್ರಿ ಮರದ ಮೇಲೆ ಕೂರಬೇಕು ಅಂತ ಹೇಳಿಕೊಟ್ಟವರಿಲ್ಲ. ಕತ್ತಲಾಯಿತು ಅಂದರೆ ಇದ್ದಲ್ಲೇ ಹುಲ್ಲಿನಲ್ಲಿ ಮುದುರಿ ಮಲಗುತ್ತವೆ. ಬೆಳಿಗ್ಗೆ ನೋಡಿದರೆ ಬರೀ ಗರಿ. ಆಗಸ್ಟ್ ತಿಂಗಳ ಸಂಜೆಗಳಲ್ಲಿ ಕಾಕಾ ಕೋಲು ಹಿಡಿದುಕೊಂಡು ಮೆಲ್ಲಗೆ ದೊಡ್ಡಿ ಸುತ್ತುತ್ತಾರೆ. ನೆಲದಲ್ಲಿ ಕೂತವನ್ನು ಎಬ್ಬಿಸಿ ಪೊದೆಯ ಮೇಲೆ, ಕೆಳಗಿನ ಕೊಂಬೆಯ ಮೇಲೆ ಹತ್ತಿಸುತ್ತಾರೆ. "ಮೇಲೆ, ಮೇಲೆ" ಅಂತ ಮಕ್ಕಳಿಗೆ ಹೇಳಿದ ಹಾಗೆ. ಒಂದು ಹತ್ತಿದರೆ ಅದನ್ನು ನೋಡಿ ಇನ್ನೊಂದು. ಎರಡು ವಾರಕ್ಕೆ ಎಲ್ಲಕ್ಕೂ ಬಂದುಬಿಡುತ್ತೆ. ಆ ಹೊತ್ತಿನಲ್ಲಿ ಕಾಕಾನ ಮುಖ ನೋಡಿದರೆ ನವೆಂಬರ್ ಇವರಿಗೆ ನೆನಪಿದೆಯೋ ಇಲ್ಲವೋ ಅನ್ನಿಸುತ್ತೆ.

ಹುಡುಕಿ ತಿನ್ನಬೇಕು

ಕಾಳು ಹಾಕೋದರಲ್ಲಿ ಎರಡು ಪಂಥ. ಒಂದು ಡ್ರಮ್ಮಿನದು. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅಡಿಯಲ್ಲಿ ಸ್ಪ್ರಿಂಗ್ ಥರದ ಸುರುಳಿ ತಂತಿ ಹಾಕುತ್ತಾರೆ. ಹಕ್ಕಿ ಕುಕ್ಕಿದರೆ ನಾಲ್ಕು ಕಾಳು ಉದುರುತ್ತೆ. ವಾರಕ್ಕೊಮ್ಮೆ ತುಂಬಿಸಿದರೆ ಆಯಿತು. ಇನ್ನೊಂದು ಕೈಯಿಂದ ಚೆಲ್ಲೋದು. ಕಾಡಿನ ನಡುವಿನ ದಾರಿಗೆ ಹುಲ್ಲು ಹಾಸಿ, ಅದರ ಮೇಲೆ ದಿನಾ ಬೆಳಿಗ್ಗೆ ಗೋಧಿ ಎರಚಬೇಕು. ಕಾಳು ಹುಲ್ಲಿನ ಅಡಿಗೆ ಇಳಿಯುತ್ತೆ. ಹಕ್ಕಿ ಕೆದರಬೇಕು, ಹುಡುಕಬೇಕು.

ಕಾಕಾ ಎರಡನೇ ಪಂಥ. ಡ್ರಮ್ಮುಗಳೂ ಇವೆ, ಇಪ್ಪತ್ತೊಂದು, ದೂರದ ಮೂಲೆಗಳಿಗೆ. ಆದರೆ ಅವರ ನಂಬಿಕೆ ಹುಲ್ಲಿನ ಮೇಲೆ. ಡ್ರಮ್ಮಿನಲ್ಲಿ ತಿಂದ ಹಕ್ಕಿಗೆ ಹತ್ತು ನಿಮಿಷಕ್ಕೆ ಹೊಟ್ಟೆ ತುಂಬುತ್ತೆ. ಇಡೀ ದಿನ ಕೈ ಖಾಲಿ. ಕೈ ಖಾಲಿ ಇದ್ದ ಹಕ್ಕಿ ಊರು ಸುತ್ತುತ್ತೆ. ಹುಲ್ಲಿನಲ್ಲಿ ಹುಡುಕುವ ಹಕ್ಕಿಗೆ ಮಧ್ಯಾಹ್ನದವರೆಗೂ ಕೆಲಸ. ನಾನು ಇದನ್ನು ಕೇಳಿದ ದಿನ ನಮ್ಮೂರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರನ್ನೆಲ್ಲ ನೆನೆಸಿಕೊಂಡು ಒಬ್ಬನೇ ನಕ್ಕೆ.

ಮೊದಲ ದಿನ ಚೀಲ ಬಿಚ್ಚುವಾಗ ಒಂದಿಷ್ಟು ಗೋಧಿ ಕೆಳಗೆ ಚೆಲ್ಲಿತು, ನೋಡದೆ ಬೂಟುಗಾಲು ಇಟ್ಟೆ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನೇ ಹೋಯಿತು. ಕಾಕಾ ಏನಾದರೂ ಕಣ್ಣಿಗೆ ಬಿತ್ತೇ ಅಂತ ಕೇಳಿದರು. ಹೌದು ಅಂದೆ. ದಿನಾ ಅದೇ ಗೋಧಿಯನ್ನು ಮಣ್ಣಿಗೆ ಎರಚುವವನು ಇದನ್ನೆಲ್ಲ ಹೇಗೆ ವಿವರಿಸಲಿ?

ಎರಚುವ ಮುಂಚೆ ಕಾಕಾ ಸಿಳ್ಳೆ ಹಾಕುತ್ತಾರೆ. ಎರಡು ಗಿಡ್ಡ, ಒಂದು ಉದ್ದ. ಮರಿಗಳು ಬಂದ ದಿನದಿಂದ ತಪ್ಪದೆ ಅದೇ ಸಿಳ್ಳೆ. ಅಕ್ಟೋಬರಿನಲ್ಲಿ ಅದನ್ನು ನೋಡಬೇಕು. ಖಾಲಿ ಕಾಡು. ಸಿಳ್ಳೆ. ಆಮೇಲೆ ಎಲೆ ಸರಸರ. ಪೊದೆಯಿಂದ, ಬೇಲಿಯಿಂದ, ಪಕ್ಕದ ಹೊಲದಿಂದ ಕತ್ತು ಮುಂದೆ ಚಾಚಿಕೊಂಡು ಓಡಿಬರುತ್ತವೆ. ಶಾಲೆಯಲ್ಲಿ ಊಟದ ಗಂಟೆ ಹೊಡೆದ ಹಾಗೆ. ಅಕ್ಟೋಬರ್ 1ಕ್ಕೆ ಕಾನೂನಿನ ಪ್ರಕಾರ ಬೇಟೆ ಶುರು, ಫೆಬ್ರವರಿ 1ಕ್ಕೆ ಮುಕ್ತಾಯ. ಕಾಕಾ ಮಾತ್ರ ನವೆಂಬರ್ ಬರೋವರೆಗೆ ಯಾರಿಗೂ ಬಂದೂಕು ಮುಟ್ಟಲು ಬಿಡೋದಿಲ್ಲ. ಬಲಿಯಬೇಕು, ಹಾರಲು ಕಲಿಯಬೇಕು ಅಂತಾರೆ.

ಆ ಸಿಳ್ಳೆಯ ವಿಷಯಕ್ಕೇ ನನಗೂ ಅವರಿಗೂ ಒಂದು ಒಪ್ಪಂದ ಆಯಿತು. ಶೂಟ್ ಇರುವ ಶನಿವಾರ ಬೆಳಿಗ್ಗೆಯೂ ಕಾಳು ಹಾಕಬೇಕು. ಹಕ್ಕಿಗಳು ಎಲ್ಲಿರಬೇಕೋ ಅಲ್ಲೇ ಇರಲಿ ಅಂತ. ಮೊದಲ ಶನಿವಾರ ನಾನು ಹೇಳಿದೆ, "ಕಾಳು ನಾನು ಹಾಕ್ತೀನಿ, ಸಿಳ್ಳೆ ಮಾತ್ರ ನೀವೇ ಹಾಕಿ." ಅವರು ಏನೂ ಕೇಳದೆ ಒಪ್ಪಿಕೊಂಡರು. ಗೋಧಿ ಎರಚಿದ ಕೈ ನನ್ನದೇ, ಕರೆದ ಬಾಯಿ ನನ್ನದಲ್ಲ. ಇದು ಎಂಥ ಲೆಕ್ಕ ಅಂತ ನೀವು ಕೇಳಬಹುದು. ಕೇಳಿ. ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಬರೀ ಆಟಕ್ಕೆ ಕೊಲ್ಲೋದು ಅಂತ ಬೈಯಲು ಹೋದರೆ, ಇಲ್ಲಿ ಬಿದ್ದ ಹಕ್ಕಿಯನ್ನು ಎಂಟು ಮನೆಯವರೂ ಹಕ್ಕಿ ಎಬ್ಬಿಸುವ ಬೀಟರ್‌ಗಳೂ ಹಂಚಿಕೊಂಡು ತಿನ್ನುತ್ತಾರೆ. ಸೂಪರ್‌ಮಾರ್ಕೆಟ್ಟಿನ ಕೋಳಿ ಆರು ವಾರವೂ ಬಿಸಿಲು ನೋಡದೆ ಸಾಯುತ್ತೆ, ಇವು ಆರು ತಿಂಗಳಾದರೂ ಕಾಡು ನೋಡುತ್ತವೆ ಅಂತ ಕಾಕಾನ ವಾದ. ಸರಿಯಾದ ವಾದವೇ. ಆದರೂ ಸಿಳ್ಳೆಗೆ ಅವು ಓಡಿಬರುವ ರೀತಿ ಇದೆಯಲ್ಲ, ಅದರ ಮುಂದೆ ಯಾವ ವಾದವೂ ನಿಲ್ಲೋದಿಲ್ಲ.

ಅಟ್ಟದ ಮೇಲೆ

ಕಾಕಾನ ಬಳಿ ಎರಡು ಪಟ್ಟಿ ಕವರ್ ಕ್ರಾಪ್ ಇದೆ. ಕೊಯ್ಲಿಗೆ ಅಲ್ಲ, ಹಕ್ಕಿ ಅಡಗಿಕೊಳ್ಳಲಿ, ಚಳಿಗಾಲದಲ್ಲಿ ತಿನ್ನಲಿ ಅಂತ ಬೆಳೆಯೋದು. ಒಂದು ಸೆಪ್ಟೆಂಬರಿನಲ್ಲಿ ಅದರ ನಡುವೆ ನಡೆಯುತ್ತಿದ್ದೆ. ಮೆಕ್ಕೆಜೋಳ, ಸೂರ್ಯಕಾಂತಿ, ಅವುಗಳ ಮಧ್ಯೆ ಸೊಂಟದೆತ್ತರಕ್ಕೆ ಇನ್ನೊಂದು ಗಿಡ. ಎಲೆಯ ಮೇಲೆ ಕೈ ಆಡಿಸಿದೆ. ಬೆರಳಿಗೆ ಗುರುತು ಸಿಕ್ಕಿತು, ಕಣ್ಣಿಗೆ ಆಮೇಲೆ. ಜೋಳ! ನಮ್ಮ ಜೋಳ. ಕಾಕಾ ಸೋರ್ಗಮ್ ಅಂದರು. ಇಲ್ಲಿನ ಬಿಸಿಲು ಸಾಲದೆ ಕುಳ್ಳಗೆ ಉಳಿದಿತ್ತು, ತೆನೆ ತಡವಾಗಿ ಕಟ್ಟುತ್ತಿತ್ತು. ಅಕ್ಟೋಬರಿನಲ್ಲಿ ಒಂದು ತೆನೆ ಮುರಿದುಕೊಂಡು ಬಂದು ಸೀತನಿ ಆಗುತ್ತೇನೋ ಅಂತ ಗ್ಯಾಸ್ ಮೇಲೆ ಸುಟ್ಟೆ. ಕಾಳೇ ತುಂಬಿರಲಿಲ್ಲ. ಮನೆ ತುಂಬ ಹೊಗೆ ಆಗಿ ಅಲಾರ್ಮ್ ಹೊಡೆದುಕೊಂಡಿತು.

ಹಿಂಗಾರಿ ಜೋಳ ಹಾಲುಗಾಳು ಆಗುವ ಹೊತ್ತಿಗೆ ನಮ್ಮ ಅಜ್ಜ ಹೊಲದಲ್ಲಿ ಅಟ್ಟ ಹಾಕುತ್ತಿದ್ದ. ನಾಲ್ಕು ಗಳ, ಮೇಲೆ ಕಟ್ಟಿಗೆ, ಕಣಕಿ. ನಸುಕಿನಲ್ಲಿ ನನ್ನನ್ನು ಕಂಬಳಿಯ ಸಮೇತ ಹೊತ್ತುಕೊಂಡು ಹೋಗಿ ಅಟ್ಟದ ಮೇಲೆ ಕೂರಿಸುತ್ತಿದ್ದ. ಶಾಲೆ ಶುರುವಾಗೋವರೆಗೆ ಹಕ್ಕಿ ಹೊಡೆಯೋ ಕೆಲಸ. ನಮ್ಮ ಕಡೆ ಹಾಗೇ ಅನ್ನೋದು. ದನ ಹೊಡೆದುಕೊಂಡು ಹೋಗೋದು, ಬಂಡಿ ಹೊಡೆಯೋದು, ಹಕ್ಕಿ ಹೊಡೆಯೋದು. ಹಕ್ಕಿ ಹೊಡೆಯೋದು ಅಂದರೆ ಓಡಿಸೋದು, ಸಾಯಿಸೋದಲ್ಲ. ಅಜ್ಜನ ಕೈಯಲ್ಲಿ ಕವಣಿ. ಅದನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ ಬಿಟ್ಟರೆ ಹಗ್ಗದ ತುದಿ ಫಟ್ ಅನ್ನುತ್ತಿತ್ತು. ಕಲ್ಲು ಯಾವತ್ತೂ ಹಕ್ಕಿಗೆ ತಾಗಿದ್ದು ನಾನು ನೋಡಿಲ್ಲ. ನನ್ನ ಪಾಲಿಗೆ ಒಂದು ಹಳೇ ಡಬ್ಬ ಮತ್ತು ಗಂಟಲು. "ಹೋಯ್! ಹೋಯ್!" ಇಡೀ ಹಿಂಡು ಒಮ್ಮೆಗೇ ಭರ್ರನೆ ಏಳಬೇಕು. ನಾಲ್ಕು ಎದ್ದು ನಾಲ್ಕು ಕೂತರೆ ಪ್ರಯೋಜನ ಇಲ್ಲ.

ಈಗ ಯೋಚಿಸಿದರೆ ಅಜ್ಜ ಮತ್ತು ಕಾಕಾ ಒಂದೇ ಶಾಲೆಯಲ್ಲಿ ಓದಿದವರು. ಹಕ್ಕಿ ಬೆಳಕು ಹರಿದ ಮೇಲೆ ಎರಡು ತಾಸು ತಿನ್ನುತ್ತೆ, ನಡುಮಧ್ಯಾಹ್ನ ನೆರಳಿನಲ್ಲಿ ಸುಮ್ಮನಿರುತ್ತೆ, ಹೊತ್ತು ಇಳಿಯೋ ಮುಂಚೆ ಮತ್ತೆ ಬರುತ್ತೆ. ಅಜ್ಜ ಆ ಎರಡು ಹೊತ್ತು ಮಾತ್ರ ಅಟ್ಟದ ಮೇಲಿರುತ್ತಿದ್ದ, ಕಾಕಾ ಆ ಎರಡು ಹೊತ್ತು ಮಾತ್ರ ಕಾಡಿಗೆ ಹೋಗುತ್ತಾರೆ. ಹಿಂಡು ಯಾವಾಗಲೂ ಅಂಚಿಗೆ ಮೊದಲು ಇಳಿಯುತ್ತೆ, ಪಕ್ಕದಲ್ಲಿ ಒಂದು ಮರವೋ ಬೇಲಿಯೋ ಇರುವ ಕಡೆ. ಹೆದರಿದರೆ ಓಡಲು ಒಂದು ಜಾಗ ಬೇಕಲ್ಲ. ಅಜ್ಜನ ಅಟ್ಟ ಬೇವಿನ ಮರದ ಕಡೆಯ ಮೂಲೆಗೇ ಇತ್ತು. ಕಾಕಾ ಕವರ್ ಕ್ರಾಪ್ ಬಿತ್ತುವುದು ಬೇಲಿಗೆ ತಾಗಿಸಿಯೇ. "ಒಮ್ಮೆ ರುಚಿ ನೋಡಿತಂದ್ರ ನಾಳೆ ಅದೇ ಹೊತ್ತಿಗೆ ಬರ್ತೈತಿ" ಅಂತ ಅಜ್ಜ ಹೆದರುತ್ತಿದ್ದ. ಕಾಕಾ ಅದೇ ಮಾತಿನ ಮೇಲೆ ಇಡೀ ಶೂಟ್ ಕಟ್ಟಿದ್ದಾರೆ.

ಇನ್ನೊಂದು ವಿಷಯ. ಎಳ್ಳ ಅಮವಾಸ್ಯೆಯ ದಿನ ಅದೇ ಹೊಲದಲ್ಲಿ ಚರಗ ಚೆಲ್ಲುತ್ತಿದ್ದೆವು. ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಭರ್ತ ಎಲ್ಲ ಕಲಸಿ ಹೊಲದ ಸುತ್ತ ಎರಚೋದು. ಭೂಮಿತಾಯಿಗೆ ಅಂತ. ತಿನ್ನುತ್ತಿದ್ದದ್ದು ಹಕ್ಕಿಗಳೇ. ಅವತ್ತು ಕವಣಿ ಅಟ್ಟದ ಗಳಕ್ಕೆ ನೇತಾಡುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಮರುದಿನ ನಸುಕಿಗೆ ಮತ್ತೆ ಫಟ್.

ಎರಡು ಖಾಲಿ ಡ್ರಮ್ಮು

ಎರಡನೇ ವರ್ಷದ ನವೆಂಬರಿನಲ್ಲಿ ನನ್ನ ಆಫೀಸಿನಲ್ಲಿ ರಿಲೀಸ್ ಇತ್ತು. ಮೂರು ದಿನ ಸರಿಯಾಗಿ ನಿದ್ದೆ ಇಲ್ಲ. ಹತ್ತಿರದ ಕಾಡಿಗೆ ಹೇಗೋ ಹೋಗಿ ಎರಚಿ ಬಂದೆ. ದೂರದ ಮೂಲೆಯ ಎರಡು ಡ್ರಮ್ಮು ನೋಡಲು ಹೋಗಲಿಲ್ಲ. ಇನ್ನೂ ಇರುತ್ತೆ ಅಂದುಕೊಂಡೆ. ಒಂದನ್ನು ಜಿಂಕೆಯೋ ಬ್ಯಾಜರೋ ಬೀಳಿಸಿತ್ತು, ಇಲಿಗಳು ಹಬ್ಬ ಮಾಡಿದ್ದವು. ಇನ್ನೊಂದು ಬರಿದು. ನಾಲ್ಕನೇ ದಿನ ಹೋದಾಗ ಸುತ್ತಲಿನ ಕೆಸರಿನಲ್ಲಿ ಹಕ್ಕಿ ಹೆಜ್ಜೆ ಹಳೆಯದಾಗಿತ್ತು. ತುಂಬಿಸಿದೆ. ಕಾಕಾಗೆ ಹೇಳಲಿಲ್ಲ.

ಶನಿವಾರ ಆ ಮೂಲೆಯಿಂದ ಎದ್ದದ್ದು ನಾಲ್ಕು ಹಕ್ಕಿ. ಹಿಂದಿನ ಸಲ ಮೂವತ್ತಕ್ಕಿಂತ ಜಾಸ್ತಿ ಇತ್ತು. ಪ್ಲಂಬರ್ ಕೋಟಿನ ಕಾಲರ್ ಎತ್ತಿಕೊಂಡು ಹದಿನೈದು ನಿಮಿಷ ಖಾಲಿ ಆಕಾಶ ನೋಡುತ್ತಾ ನಿಂತ. ಬೇಲಿಯ ಆಚೆ ಪಕ್ಕದವರ ಕೇಲ್ ಸೊಪ್ಪಿನ ಪಟ್ಟಿಯಲ್ಲಿ ನಮ್ಮ ಹಕ್ಕಿಗಳು ಕಾಣುತ್ತಿದ್ದವು. ನಮ್ಮ ಹಕ್ಕಿಗಳು ಅಂದೆನಲ್ಲ, ಅದೂ ತಪ್ಪು. ದೊಡ್ಡಿಯೊಳಗೆ ಇರೋವರೆಗೆ ಅದು ಸಾಕಿದವನ ಆಸ್ತಿ. ಹೊರಗೆ ಬಿಟ್ಟ ಮೇಲೆ ಕಾಡುಹಕ್ಕಿ, ಯಾರದ್ದೂ ಅಲ್ಲ. 1968ರ ಥೆಫ್ಟ್ ಆಕ್ಟ್ ಪ್ರಕಾರ ಹಾಗೆ ಸ್ವೇಚ್ಛೆಯಾಗಿರುವ ಕಾಡುಪ್ರಾಣಿಯನ್ನು ಕದಿಯೋದಕ್ಕೇ ಬರೋದಿಲ್ಲ. ಜುಲೈನಿಂದ ಮರ ಹತ್ತಿಸಿ, ಔಷಧಿ ಹಾಕಿ, ಗಂಟಲು ಹುಳ ಬಂದು ಸೀನುತ್ತಿವೆಯೇ ಅಂತ ರಾತ್ರಿ ಕಿವಿಗೊಟ್ಟು ಕೇಳಿದ್ದೆಲ್ಲ ಬೇಲಿ ದಾಟುವ ಒಂದು ಹೆಜ್ಜೆಗೆ ಮುಗಿಯಿತು. ಪಕ್ಕದವರು ಹೊಡೆದರೆ ಅವರದ್ದೇ. ತಪ್ಪೂ ಇಲ್ಲ. ಅವರ ಕಡೆಯಿಂದಲೂ ಕೆಲವು ನಮ್ಮ ಕಡೆ ಬಂದಿರುತ್ತವೆ.

ಕಾಕಾ ಸಂಜೆ ಒಂದೇ ಮಾತು ಕೇಳಿದರು. "ಎಷ್ಟು ದಿನ?" ಮೂರು ಅಂದೆ. ತಲೆಯಾಡಿಸಿದರು. ಮರುದಿನದಿಂದ ಎರಡು ವಾರ ಅವರು ಕುಂಟುತ್ತಾ, ನಾಯಿಯನ್ನು ಕರೆದುಕೊಂಡು ಗಡಿಯ ಬೇಲಿ ಉದ್ದಕ್ಕೂ ಬೆಳಿಗ್ಗೆ ಒಂದು ಸುತ್ತು ಹಾಕಿದರು. ನಾಯಿ ಮೂಸುತ್ತಾ ಹೋದರೆ ಬೇಲಿಯಲ್ಲಿದ್ದ ಹಕ್ಕಿಗಳು ಒಳಮುಖವಾಗಿ ಓಡುತ್ತವೆ. ಡಿಸೆಂಬರ್ ನಡುವಿಗೆ ಒಂದಿಷ್ಟು ವಾಪಸ್ ಬಂದವು. ಎಲ್ಲವೂ ಅಲ್ಲ. ಆ ಡ್ರಮ್ಮಿನ ಹತ್ತಿರ ಆ ವರ್ಷ ಮತ್ತೆ ಹೆಚ್ಚು ಹಕ್ಕಿ ಕೂರಲಿಲ್ಲ, ಎಷ್ಟು ತುಂಬಿಸಿದರೂ. ಆವತ್ತಿನಿಂದ ಖಾಲಿ ಡ್ರಮ್ಮು ನನ್ನ ಕನಸಿನಲ್ಲಿ ಬರುತ್ತೆ. ಪರೀಕ್ಷೆಗೆ ಓದಿಲ್ಲ ಅನ್ನೋ ಕನಸಿನ ಜಾಗದಲ್ಲಿ.

ಬಾಯಿ ಮುಚ್ಚಿಕೊಂಡು ನಡೆಯೋದು

ಎರಡು ವರ್ಷ ನಾನು ಶೂಟ್ ದಿನ ಕಾಳು ಹಾಕಿ ಮನೆಗೆ ಬಂದುಬಿಡುತ್ತಿದ್ದೆ. ಈ ಸಲ ಜನವರಿಯಲ್ಲಿ ಬೀಟರ್ ಕಡಿಮೆ ಬಿದ್ದರು, ಕಾಕಾ ಕೇಳಿದರು, ಹೋದೆ. ಬೀಟರ್‌ಗಳ ಕೆಲಸ ಕಾಡಿನ ಒಂದು ತುದಿಯಿಂದ ಸಾಲಾಗಿ ನಡೆದು ಹಕ್ಕಿಗಳನ್ನು ಇನ್ನೊಂದು ತುದಿಗೆ ಒಯ್ಯೋದು. ಅಲ್ಲಿ ಆಚೆ ಬಯಲಿನಲ್ಲಿ 'ಗನ್'ಗಳು ನಿಂತಿರುತ್ತಾರೆ. ಇಲ್ಲಿ ಬಂದೂಕು ಹಿಡಿದ ಮನುಷ್ಯನಿಗೇ ಗನ್ ಅಂತಾರೆ, ತಮಾಷೆ. ಕಾಕಾ ಎರಡು ಸಲ ಹೇಳಿದ್ದರು. ಕೋಲಿನಿಂದ ಮರ ತಟ್ಟು. ನಿಧಾನ ನಡೆ. ಬಾಯಿ ಮುಚ್ಚಿಕೊಂಡಿರು. ಹಕ್ಕಿ ಹೆದರಬಾರದು, ಬೇಸರ ಆಗಬೇಕು ಅಷ್ಟೇ. ಕಾಡಿನ ತುದಿಯಲ್ಲಿ ಒಂದು ಹಗ್ಗಕ್ಕೆ ಪ್ಲಾಸ್ಟಿಕ್ ಚೂರು ಕಟ್ಟಿ ಎಳೆದಿದ್ದರು. ಒಬ್ಬರು ಅದನ್ನು ಆಗಾಗ ಅಲುಗಿಸುತ್ತಾರೆ. ಅಲ್ಲಿಗೆ ಬಂದ ಹಕ್ಕಿ ಮುಂದೆ ಓಡದೆ ನಿಂತು, ಒಂದೋ ಎರಡೋ ಒಟ್ಟಿಗೆ ಏಳಬೇಕು. ಗುಂಪಾಗಿ ಎದ್ದರೆ ಆಟ ಮುಗೀತು.

ಚೆನ್ನಾಗಿ ನಡೆಯುತ್ತಿತ್ತು. ಮಂಜು, ಕೋಲಿನ ಟಕ್ ಟಕ್, ಮುಂದೆ ಎಲೆಯ ಸರಸರ. ತುದಿಗೆ ಇಪ್ಪತ್ತು ಹೆಜ್ಜೆ ಇರುವಾಗ ನನ್ನ ಕಾಲ ಬುಡದಿಂದಲೇ ಒಂದು ದೊಡ್ಡ ಗಂಡು ಕೊಕ್ ಕೊಕ್ ಅಂತ ಬೊಬ್ಬೆ ಹಾಕುತ್ತಾ ಎದ್ದಿತು. ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಹೋಯ್! ಹೋಯ್! ಹೋಯ್!"

ಗದಗ ಸೀಮೆಯ ಎರಿ ಹೊಲಕ್ಕೆಲ್ಲ ಕೇಳುವ ಗಂಟಲಿನಲ್ಲಿ. ಇಡೀ ಕಾಡು ಎದ್ದಿತು. ಅರವತ್ತು, ಎಪ್ಪತ್ತು ಹಕ್ಕಿ, ಒಂದೇ ಸಲಕ್ಕೆ, ಭರ್ರನೆ. ಎಂಟು ಬಂದೂಕು, ಒಂದೊಂದಕ್ಕೆ ಎರಡು ನಳಿಗೆ. ಹದಿನಾರು ತೋಟಾ ಸಿಡಿದು, ಅವರು ಮತ್ತೆ ತುಂಬಿಸಿಕೊಳ್ಳುವ ಹೊತ್ತಿಗೆ ಆಕಾಶ ಖಾಲಿ. ಮೂರು ಬಿದ್ದಿದ್ದವು. ಬೀಟರ್‌ಗಳೆಲ್ಲ ತಿರುಗಿ ನನ್ನನ್ನೇ ನೋಡಿದರು. ನಾನು ಕೋಲು ಎತ್ತಿ 'ಸಾರಿ' ಅಂದೆ. ಹೇಳಬೇಕೋ ಬೇಡವೋ, ಆ ಭರ್ರ್ ಸದ್ದಿಗೆ ಒಳಗೊಳಗೇ ಎಂಟು ವರ್ಷದ ಹುಡುಗನ ಹಾಗೆ ಹಿಗ್ಗಿದ್ದೆ. ಅಜ್ಜ ಇದ್ದಿದ್ದರೆ ಶಭಾಷ್ ಅನ್ನುತ್ತಿದ್ದ.

ಮಧ್ಯಾಹ್ನ ಸೂಪ್ ಕುಡಿಯುವಾಗ ಕಾಕಾ ಪಕ್ಕ ಬಂದು ಕೂತರು. ಅದೇನು ಕೂಗು ಅಂತ ಕೇಳಿದರು. ಹೇಳಿದೆ. ಜೋಳ, ಅಟ್ಟ, ಕವಣಿ, ಎಲ್ಲ. ಒಂದೇ ಗಿಡವನ್ನು ನಮ್ಮಲ್ಲಿ ಹಕ್ಕಿಯಿಂದ ಕಾಯುತ್ತೇವೆ, ಇಲ್ಲಿ ಹಕ್ಕಿಗೋಸ್ಕರ ಬಿತ್ತುತ್ತೀರಿ ಅಂದೆ. ಅವರು ತುಂಬಾ ಹೊತ್ತು ಕವಣಿಯ ಬಗ್ಗೆಯೇ ಕೇಳಿದರು. ಹಗ್ಗ ಎಂಥದ್ದು, ಎಷ್ಟು ಉದ್ದ. ಕೊನೆಗೆ "ನಿನ್ನ ಅಜ್ಜ ಒಳ್ಳೆ ಕೀಪರ್ ಆಗುತ್ತಿದ್ದ" ಅಂದರು.

ಮುಗಿದ ಮೇಲೆ

ಫೆಬ್ರವರಿ 1ಕ್ಕೆ ಬಂದೂಕು ಒಳಗೆ. ಹೆಚ್ಚಿನವರ ಕಾಳೂ ಅವತ್ತಿಗೇ ನಿಂತುಬಿಡುತ್ತೆ, ಖರ್ಚು ಯಾಕೆ ಅಂತ. ಕಾಕಾಗೆ ಇದು ಕಂಡರೆ ಆಗೋದಿಲ್ಲ. ಹಕ್ಕಿಗೆ ನಿಜವಾದ ಬರ ಶುರುವಾಗೋದೇ ಆಗ. ಬೇಲಿಯ ಹಣ್ಣು ಮುಗಿದಿರುತ್ತೆ, ಹೊಲದ ಬೀಜ ಮುಗಿದಿರುತ್ತೆ, ಹೊಸ ಹುಳ ಹುಪ್ಪಟೆ ಏಪ್ರಿಲ್ ಬಿಟ್ಟು ಮುಂಚೆ ಬರೋದಿಲ್ಲ. ಉಳಿದ ಹೆಣ್ಣುಗಳು ಗೂಡಿಗೆ ಕೂರಲು ಮೈ ಕಟ್ಟಿಕೊಳ್ಳಬೇಕಾದ ಕಾಲವೂ ಅದೇ. ಇಷ್ಟು ದಿನ ತಿನ್ನಿಸಿ ಈಗ ಬಿಟ್ಟರೆ ಹೇಗೆ ಅಂತಾರೆ. ಈ ವರ್ಷ ಅವರ ಇನ್ನೊಂದು ಮೊಣಕಾಲಿನ ಸರದಿ. ಹಾಗಾಗಿ ಫೆಬ್ರವರಿಯಿಂದ ನಾನೊಬ್ಬನೇ.

ಡ್ರಮ್ಮಿನ ಕೆಳಗೆ ಈಗ ಫೆಸೆಂಟ್‌ಗಿಂತ ಸಣ್ಣ ಹಕ್ಕಿಗಳೇ ಜಾಸ್ತಿ. ಅದರಲ್ಲಿ ಒಂದು ಹಳದಿ ತಲೆಯದ್ದು, ಯೆಲ್ಲೋಹ್ಯಾಮರ್. ಮೊದಲ ಸಲ ಹಿಂಡು ನೋಡಿದಾಗ ಎಲ್ಲೋ ನೋಡಿದ್ದೇನೆ ಅನ್ನಿಸಿ ಹಕ್ಕಿ ಪುಸ್ತಕ ತೆಗೆದೆ. ಅಟ್ಟದ ಮೇಲಿಂದ ನಾವು ಓಡಿಸುತ್ತಿದ್ದ ಹಳದಿ ಹಕ್ಕಿಗಳ ಒಡಹುಟ್ಟು. ಅವು ಕಪ್ಪು ತಲೆಯ ಬಂಟಿಂಗ್. ಬಾಲ್ಕನ್, ಇರಾನ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆಯ ಜೋಳದ ಹೊಲಗಳಿಗೆ ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಅಜ್ಜ ಅವುಗಳನ್ನು ಕಳ್ಳರು ಅಂತ ಮಾತ್ರ ಕರೆಯುತ್ತಿದ್ದ.

ನನಗೆ ಸಿಳ್ಳೆ ಬರೋದಿಲ್ಲ. ಮೂರು ವರ್ಷದಿಂದ ಪ್ರಯತ್ನ ಮಾಡಿದ್ದೇನೆ, ಬರೀ ಗಾಳಿ. ಉಳಿದ ಹಕ್ಕಿಗಳಿಗೆ ಕಾಳು ಬಂತು ಅಂತ ಗೊತ್ತಾಗಬೇಕಲ್ಲ. ಮೊದಲ ಎರಡು ದಿನ ಬಕೆಟ್ ತಟ್ಟಿದೆ. ಮೂರನೇ ದಿನ, ಯಾರೂ ಇಲ್ಲ ಅಂತ ಸುತ್ತ ನೋಡಿ, ಮೆಲ್ಲಗೆ ಕೂಗಿದೆ. ಹೋಯ್. ದೂರದಲ್ಲಿ ಎರಡು ಹೆಣ್ಣು ಹಾರಿ ಹೋದವು. ಬಿಡಲಿಲ್ಲ. ದಿನಾ ಅದೇ ಹೊತ್ತಿಗೆ ಅದೇ ಕೂಗು, ಹಿಂದೆಯೇ ಗೋಧಿ. ಹತ್ತನೇ ದಿನಕ್ಕೆ ಒಂದು ಗಂಡು ಬೇಲಿಯಿಂದ ಕತ್ತು ಹೊರಗೆ ಹಾಕಿತು. ಮಾರ್ಚ್ ಬರುವ ಹೊತ್ತಿಗೆ ಹದಿನೈದು ಇಪ್ಪತ್ತು ಹಕ್ಕಿಗಳು ಕೂಗಿಗೆ ಓಡಿಬರತೊಡಗಿದವು.

ಮೊನ್ನೆ ಹಾಗೆ ಕೂಗುತ್ತಿರುವಾಗಲೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎತ್ತಿ ಕಿವಿಗೆ ಇಟ್ಟುಕೊಂಡೇ ಇನ್ನೊಂದು ಸಲ "ಹೋಯ್" ಅಂದೆ.

"ಯಾಕ ಒದರಾಕತ್ತೀ?" ಅಂದಳು ಅವ್ವ. "ಹಕ್ಕಿ ಹೊಡಿಯಾಕತ್ತೀಯೇನು?"

"ಹೂಂ" ಅಂದೆ. ಕಾಲ ಹತ್ತಿರ ಅವು ಹುಲ್ಲು ಕೆದರುತ್ತಿದ್ದವು.